ಬೆಳಗ್ಗೆ ಕೀ ತಿರುಗಿಸಿದಾಗ ಕಾರು ಮಾಡುವ ಶಬ್ದ: ಗುರುತಿಸುವ ಮತ್ತು ಸರಿಪಡಿಸುವ ಬಗೆ

ತೋಟದ ತಗ್ಗಿನಲ್ಲಿ ಓಡುವ ಪಂಪಿನ ಬೇರಿಂಗ್ ಸವೆಯಿತೋ, ಕೆರೆಯ ನೀರಿಳಿದು ಫುಟ್‌ವಾಲ್ವ್ ಗಾಳಿ ಎಳೆಯುತ್ತಿದೆಯೋ ಎಂಬುದನ್ನು ಜಗಲಿಯಲ್ಲಿ ಕುಳಿತೇ ಹೇಳಬಲ್ಲವರು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿನ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದೇ ಕಿವಿಯನ್ನು ಅಂಗಳದಲ್ಲಿ ನಿಂತಿರುವ ಕಾರಿಗೂ ಕೊಟ್ಟರೆ ದೋಷ ಹುಡುಕುವ ಅರ್ಧ ಕೆಲಸ ಮುಗಿದಂತೆಯೇ. ಆದರೆ ಕಾರಿನ ವಿಷಯಕ್ಕೆ ಬಂದಾಗ, ಬೆಳಗ್ಗೆ ಹಿಂದೆಂದೂ ಕೇಳದ ಶಬ್ದವೊಂದು ಬಂದರೆ, ನಾವು ಒಂದೋ ಗಾಬರಿಯಾಗುತ್ತೇವೆ, ಇಲ್ಲವೇ ನಾಲ್ಕು ಮೈಲಿ ಓಡಿದ ಮೇಲೆ ಸರಿಹೋಗುತ್ತದೆಂದು ಹೊರಟುಬಿಡುತ್ತೇವೆ. ನಿಜವಾಗಿಯೂ ಓಡಿದ ಮೇಲೆ ಶಬ್ದ ನಿಲ್ಲುತ್ತದೆ. ಅದರಿಂದಾಗಿಯೇ ಎಷ್ಟೋ ಸಣ್ಣ ದೋಷಗಳು ದೊಡ್ಡ ರಿಪೇರಿಯಾಗುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಸ್ಟಾರ್ಟ್ ಮಾಡುವಾಗಿನ ಶಬ್ದಗಳಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಅದು ಯಾವ ಕ್ಷಣದಲ್ಲಿ ಹುಟ್ಟಿತು ಮತ್ತು ಯಾವ ಕ್ಷಣದಲ್ಲಿ ಅಡಗಿತು ಎಂಬುದನ್ನು. ಕೀ ತಿರುಗಿಸಿ ಡ್ಯಾಶ್‌ಬೋರ್ಡಿನ ದೀಪಗಳು ಹತ್ತಿದಾಗ ಬಂದ ಶಬ್ದ, ಸೆಲ್ಫ್ ಮೋಟಾರು ಎಂಜಿನ್ನನ್ನು ತಿರುಗಿಸುವಾಗ ಬಂದ ಶಬ್ದ, ಎಂಜಿನ್ ಹತ್ತಿಕೊಂಡ ಮೇಲೆ ಬಂದ ಶಬ್ದ, ಈ ಮೂರಕ್ಕೂ ಕಾರಣಗಳು ಬೇರೆ ಬೇರೆ. ಇವುಗಳನ್ನು ಬೇರ್ಪಡಿಸಿದರೆ ಹುಡುಕಬೇಕಾದ ಜಾಗ ಮೂರರಲ್ಲಿ ಒಂದು ಪಾಲಾಗುತ್ತದೆ.

ಇನ್ನೊಂದು ವಿಷಯ ಅಷ್ಟೇ ಮುಖ್ಯ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎಂಜಿನ್ ಆಯಿಲ್ ಬಹುಪಾಲು ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ, ಲೋಹದ ಭಾಗಗಳು ತಣಿದು ಸಂಕುಚಿತವಾಗಿರುತ್ತವೆ, ಬ್ಯಾಟರಿಯ ನಿಜವಾದ ಶಕ್ತಿ ಎಷ್ಟೆಂಬುದು ಬಯಲಾಗುತ್ತದೆ. ಹೀಗಾಗಿ ದಿನದ ಮೊದಲ ಸ್ಟಾರ್ಟ್ ಒಂದೇ ನಮಗೆ ಸಿಗುವ ನಂಬಲರ್ಹ ಸಾಕ್ಷ್ಯ. ಪೆರ್ಲದಿಂದ ಕಾಸರಗೋಡಿನ ಗ್ಯಾರೇಜಿಗೆ ಕಾರನ್ನು ಓಡಿಸಿಕೊಂಡು ಹೋಗುವಷ್ಟರಲ್ಲಿ ಆಯಿಲ್ ಎಲ್ಲ ಕಡೆ ಏರಿ, ಲೋಹ ಹಿಗ್ಗಿ, ಬ್ಯಾಟರಿ ತುಂಬಿಕೊಂಡಿರುತ್ತದೆ. ಮೆಕ್ಯಾನಿಕ್ ಬಾನೆಟ್ ಎತ್ತಿದಾಗ ಕಾರು ಏನೂ ಆಗದ ಹಾಗೆ ನಿಂತಿರುತ್ತದೆ. ಆದ್ದರಿಂದ ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟುಬರಬೇಕು, ಇಲ್ಲವೇ ಮೊದಲ ಸ್ಟಾರ್ಟಿನ ಶಬ್ದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ಈ ರೆಕಾರ್ಡಿಂಗಿನಿಂದ ಇನ್ನೊಂದು ಅನುಕೂಲವೂ ಇದೆ. ನಾವು ಕನ್ನಡದಲ್ಲಿ ‘ಗರಗರ’ ಎಂದದ್ದು, ತುಳುವಿನಲ್ಲೋ ಮಲಯಾಳದಲ್ಲೋ ಕೆಲಸ ಮಾಡುವ ಮೆಕ್ಯಾನಿಕ್‌ನ ಕಿವಿಗೆ ಬೇರೆಯೇ ಶಬ್ದವಾಗಿ ತಲುಪಬಹುದು. ರೆಕಾರ್ಡ್ ಆದ ಶಬ್ದಕ್ಕೆ ಅನುವಾದ ಬೇಕಾಗುವುದಿಲ್ಲ.

ಕೀ ಮುಟ್ಟುವ ಮೊದಲು

ಹಿಂದಿನ ರಾತ್ರಿ ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಬೆಳಗ್ಗೆ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಇಳಿಸಿ ತೆಗೆದು, ಆಯಿಲ್ ಎರಡು ಗುರುತುಗಳ ನಡುವೆ ಇದೆಯೇ ಎಂದು ನೋಡಿ. ಕೂಲೆಂಟಿನ ಮಟ್ಟವನ್ನೂ ನೋಡಿ. ಇದಕ್ಕೆ ಎರಡು ನಿಮಿಷ ಸಾಕು. ಆಯಿಲ್ ಕಡಿಮೆಯಿರುವ ಎಂಜಿನ್ನಿನ ಶಬ್ದವನ್ನು ಪರೀಕ್ಷಿಸುವ ಹೆಸರಿನಲ್ಲಿ ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದು ಗಾಯದ ಮೇಲೆ ಬರೆ ಎಳೆದಂತೆ.

ಕೀ ತಿರುಗಿಸಲು ಮನೆಯವರೊಬ್ಬರನ್ನು ಕೂರಿಸಿ, ನೀವು ಬಾನೆಟ್ ತೆರೆದು ಬದಿಯಲ್ಲಿ ನಿಲ್ಲಿ. ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಗೇರು ನ್ಯೂಟ್ರಲಿನಲ್ಲಿರಬೇಕು. ಹೆಗಲ ಮೇಲಿನ ಬೈರಾಸನ್ನು ತೆಗೆದಿಡಿ, ಉಟ್ಟ ಮುಂಡನ್ನು ಬಿಗಿಯಾಗಿ ಕಟ್ಟಿ, ಸಾಧ್ಯವಾದರೆ ಪ್ಯಾಂಟ್ ಹಾಕಿಕೊಳ್ಳಿ. ಬೆಲ್ಟಿಗೆ ಬಟ್ಟೆಯ ತುದಿ ಸಿಕ್ಕರೆ ಕೈ ಹಿಂದಕ್ಕೆಳೆಯಲು ಸಮಯ ಸಿಗುವುದಿಲ್ಲ. ರೇಡಿಯೇಟರಿನ ಫ್ಯಾನು ಎಂಜಿನ್ ನಿಂತಿದ್ದರೂ ತಾನಾಗಿ ತಿರುಗಬಲ್ಲದು ಎಂಬುದು ನೆನಪಿರಲಿ. ಮಳೆಗಾಲದಲ್ಲಿ ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಎಂಜಿನ್ ಓಡಿಸುವುದು ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರೆಕಾರ್ಡಿಂಗನ್ನು ಕೀ ತಿರುಗಿಸುವ ಮೊದಲೇ ಶುರುಮಾಡಿ, ಎಂಜಿನ್ ಹತ್ತಿದ ಮೇಲೆ ಒಂದು ನಿಮಿಷವಾದರೂ ಮುಂದುವರಿಸಿ.

ಕೀ ತಿರುಗಿಸಿದ ಕ್ಷಣದ ಶಬ್ದಗಳು

ಇವುಗಳಲ್ಲಿ ಹೆಚ್ಚಿನವು ರೋಗವಲ್ಲ. ಪೆಟ್ರೋಲ್ ಕಾರಿನ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡು ‘ಗುಂಯ್’ ಎನ್ನುವುದು ಟ್ಯಾಂಕಿನೊಳಗಿನ ಇಂಧನ ಪಂಪು ಒತ್ತಡ ತುಂಬಿಸುವ ಸದ್ದು. ಅದು ಹಿಂದಿಗಿಂತ ಕರ್ಕಶವಾಗಿ ಊಳಿಡುತ್ತಿದ್ದರೆ ಮಾತ್ರ ಫಿಲ್ಟರ್ ಕಟ್ಟಿದೆಯೇ ಎಂದು ನೋಡಿಸಬೇಕು. ಟ್ಯಾಂಕನ್ನು ಸದಾ ರಿಸರ್ವಿನಲ್ಲೇ ಓಡಿಸುವವರ ಪಂಪು ಬೇಗ ಸವೆಯುತ್ತದೆ, ಏಕೆಂದರೆ ಪಂಪನ್ನು ತಣಿಸುವುದು ಸುತ್ತಲಿರುವ ಪೆಟ್ರೋಲೇ. ಡೀಸೆಲ್ ಕಾರಿನಲ್ಲಿ ಸುರುಳಿಯ ಗುರುತಿನ ಹಳದಿ ದೀಪ ಆರುವವರೆಗೆ ಕಾಯುವ ಅಭ್ಯಾಸ ಇಟ್ಟುಕೊಂಡರೆ ಆಮೇಲಿನ ಕೆಲವು ಶಬ್ದಗಳು ತಾವಾಗಿಯೇ ಇಲ್ಲವಾಗುತ್ತವೆ.

ಎಸಿಯ ಬ್ಲೋವರಿನಿಂದ ‘ಟರ್ರ್’ ಎಂಬ ಸದ್ದು ಬಂದರೆ ಅದು ನಮ್ಮ ಕಡೆಯ ವಿಶೇಷ ರೋಗ. ತೋಟದ ಅಂಚಿನ ಶೆಡ್ಡಿನಲ್ಲಿ ನಿಲ್ಲಿಸಿದ ಕಾರು ಇಲಿಗಳಿಗೆ ಬೆಚ್ಚನೆಯ ಮನೆ. ಒಮ್ಮೆ ನನ್ನ ಕಾರಿನ ಗ್ಲೋವ್‌ಬಾಕ್ಸ್ ಕಳಚಿ ಕ್ಯಾಬಿನ್ ಫಿಲ್ಟರನ್ನು ಎಳೆದಾಗ, ಅದರ ಮಡಿಕೆಗಳ ತುಂಬ ತೆಂಗಿನ ನಾರು, ಅಡಿಕೆ ಸಿಪ್ಪೆಯ ಎಳೆಗಳು, ಒಂದು ಮೂಲೆಯಲ್ಲಿ ಅರ್ಧ ಕೊರೆದ ಎರಡು ಗೋಟಡಿಕೆ ಸಿಕ್ಕಿದವು. ಫಿಲ್ಟರಿನ ಮೂಲೆ ಕಡಿದು ಒಳಗಿಳಿದ ನಾರು ಬ್ಲೋವರಿನ ರೆಕ್ಕೆಗೆ ತಾಗಿ ಸದ್ದು ಮಾಡುತ್ತಿತ್ತು. ಫಿಲ್ಟರ್ ಬದಲಿಸಿ, ಒಳಗೆ ವ್ಯಾಕ್ಯೂಮ್ ಹಿಡಿದರೆ ಸಾಕಾಗುತ್ತದೆ. ಆದರೆ ಇಲಿ ಇಷ್ಟು ಬಂದಿದೆಯೆಂದರೆ ಬಾನೆಟ್ಟಿನ ಕೆಳಗಿನ ವಯರಿಂಗನ್ನೂ ಟಾರ್ಚ್ ಹಾಕಿ ಪೂರ್ತಿ ನೋಡಲೇಬೇಕು. ರಾತ್ರಿ ಬಾನೆಟ್ ತೆರೆದಿಟ್ಟು ಮಲಗುವವರ ಮನೆಗಳಲ್ಲಿ ಇಲಿಯ ಕಾಟ ಕಡಿಮೆಯಿರುವುದನ್ನು ನಾನು ಕಂಡಿದ್ದೇನೆ. ಇಲಿಗೆ ಕತ್ತಲೆಯೂ ಬೆಚ್ಚಗಿನ ಮರೆಯೂ ಬೇಕು.

ಸೆಲ್ಫ್ ತಿರುಗುವ ಹೊತ್ತಿನ ಶಬ್ದಗಳು

‘ಟಕಟಕಟಕಟಕ’ ಎಂದು ವೇಗವಾಗಿ ಬಡಿದುಕೊಂಡು ಎಂಜಿನ್ ತಿರುಗದಿದ್ದರೆ, ಹತ್ತರಲ್ಲಿ ಒಂಬತ್ತು ಬಾರಿ ವಿದ್ಯುತ್ ಸಾಲದಿರುವುದೇ ಕಾರಣ. ಸೆಲ್ಫ್ ಮೋಟಾರಿನ ಬೆನ್ನ ಮೇಲಿರುವ ಸೊಲೆನಾಯ್ಡ್ ಎಳೆದುಕೊಂಡು ಮುಖ್ಯ ಸಂಪರ್ಕವನ್ನು ಜೋಡಿಸುತ್ತದೆ. ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಕೇಳುತ್ತದೆ. ಬ್ಯಾಟರಿಯ ಒತ್ತಡ, ಅಂದರೆ ವೋಲ್ಟೇಜ್, ಒಮ್ಮೆಗೇ ಕುಸಿಯುತ್ತದೆ. ಸೊಲೆನಾಯ್ಡಿಗೂ ಶಕ್ತಿ ಸಾಲದೆ ಬಿಟ್ಟುಕೊಡುತ್ತದೆ. ಹೊರೆ ಇಳಿದಾಗ ಒತ್ತಡ ಮತ್ತೆ ಏರಿ ಸೊಲೆನಾಯ್ಡ್ ಪುನಃ ಎಳೆದುಕೊಳ್ಳುತ್ತದೆ. ಈ ಎಳೆತ ಬಿಡುಗಡೆಗಳ ಸರಣಿಯೇ ನಮಗೆ ಕೇಳುವ ಟಕಟಕ. ಆ ಹೊತ್ತಿಗೆ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಮಿಣುಕುತ್ತವೆ.

ಇದಕ್ಕೆ ಕೂಡಲೇ ಹೊಸ ಬ್ಯಾಟರಿ ಕೊಳ್ಳಬೇಡಿ. ಒಂದು ಸಾಧಾರಣ ಮಲ್ಟಿಮೀಟರನ್ನು ಮನೆಯಲ್ಲಿಟ್ಟುಕೊಂಡರೆ, ಪಂಪಿನ ಸ್ವಿಚ್‌ಬೋರ್ಡಿಗೂ ಆಗುತ್ತದೆ, ಕಾರಿಗೂ ಆಗುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯ ಎರಡು ಧ್ರುವಗಳ ನಡುವೆ ಸುಮಾರು 12.6 ವೋಲ್ಟ್ ತೋರಿಸಿದರೆ ಅದು ಪೂರ್ತಿ ತುಂಬಿದೆ, 12.2ರ ಹತ್ತಿರವಿದ್ದರೆ ಅರ್ಧ ಖಾಲಿಯಾಗಿದೆ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಬರಿದಾಗಿದೆ. ಇಷ್ಟಕ್ಕೇ ನಿಲ್ಲಿಸದೆ, ಕೀ ತಿರುಗಿಸಿ ಸೆಲ್ಫ್ ಓಡುವಾಗ ಮೀಟರ್ ಎಷ್ಟಕ್ಕೆ ಇಳಿಯುತ್ತದೆಂದು ನೋಡಿ. 9.6ಕ್ಕಿಂತ ಕೆಳಗಿಳಿದರೆ, ನಿಂತಾಗ ಎಷ್ಟೇ ತೋರಿಸಲಿ, ಬ್ಯಾಟರಿಗೆ ಹೊರೆ ಹೊರುವ ಶಕ್ತಿಯಿಲ್ಲ. ಎಂಜಿನ್ ಹತ್ತಿದ ಮೇಲೆ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಏರಬೇಕು, ಏರದಿದ್ದರೆ ಹೊಸ ಬ್ಯಾಟರಿ ಹಾಕಿದರೂ ನಾಲ್ಕು ದಿನಕ್ಕೆ ಅದೇ ಪಾಡು, ಏಕೆಂದರೆ ದೋಷ ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರಿನಲ್ಲಿದೆ. ಹೊಸ ಮಾದರಿಯ ಕೆಲವು ಕಾರುಗಳಲ್ಲಿ ಕಂಪ್ಯೂಟರು ಚಾರ್ಜನ್ನು ಬೇಕೆಂದೇ ಇಳಿಸಿ ಏರಿಸುತ್ತದೆ, ಆದ್ದರಿಂದ ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ ಅಳೆಯುವುದು ಒಳ್ಳೆಯದು.

ಅಳತೆ ಸರಿಯಿದ್ದೂ ಶಬ್ದ ಹೋಗದಿದ್ದರೆ ಟರ್ಮಿನಲ್ ನೋಡಿ. ಮಂಜೇಶ್ವರ, ಉಪ್ಪಳ, ಕುಂಬಳೆಯಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ಟರ್ಮಿನಲಿನ ಸುತ್ತ ಬಿಳಿ ಹಸಿರು ಪುಡಿ ಹೂವಿನ ಹಾಗೆ ಅರಳಿಕೊಂಡಿರುತ್ತದೆ. ಅದನ್ನು ಬರಿಗೈಯಲ್ಲಿ ಕೆರೆಯಬಾರದು; ಅದರಲ್ಲಿ ಆಸಿಡ್ ಇದೆ. ಕೈಗೆ ಗ್ಲೌಸ್ ಹಾಕಿ, ಮೊದಲು ನೆಗೆಟಿವ್ ಕೇಬಲ್, ಆಮೇಲೆ ಪಾಸಿಟಿವ್ ಕೇಬಲ್ ಬಿಚ್ಚಿ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿದರೆ ಪುಡಿ ನೊರೆನೊರೆಯಾಗಿ ಕರಗುತ್ತದೆ. ಬ್ಯಾಟರಿಯ ಮುಚ್ಚಳದೊಳಗೆ ಈ ನೀರು ಹೋಗದ ಹಾಗೆ ಎಚ್ಚರ ವಹಿಸಿ. ಒರೆಸಿ ಒಣಗಿಸಿ, ಉಪ್ಪುಕಾಗದದಿಂದ ಸೀಸ ಹೊಳೆಯುವಷ್ಟು ತಿಕ್ಕಿ, ಪಾಸಿಟಿವನ್ನು ಮೊದಲು, ನೆಗೆಟಿವನ್ನು ಕೊನೆಗೆ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಬಿಗಿದ ಕ್ಲಾಂಪನ್ನು ಕೈಯಿಂದ ತಿರುಚಿದರೆ ಒಂದು ಕೂದಲಿನಷ್ಟೂ ಅಲುಗಬಾರದು. ಕಾರಿನ ಕಂಪ್ಯೂಟರೂ ಸ್ಟೀರಿಯೋ ಕೋಡೂ ಇರುವ ಗಾಡಿಗಳಲ್ಲಿ ಬ್ಯಾಟರಿ ಬಿಚ್ಚುವ ಮೊದಲು ಕೈಪಿಡಿಯನ್ನು ಒಮ್ಮೆ ನೋಡಿಕೊಳ್ಳಿ.

ಒಂದೇ ಒಂದು ‘ಟಕ್’ ಕೇಳಿ ಮತ್ತೆಲ್ಲ ಮೌನವಾಗುವುದು ಬೇರೆ ಕಥೆ. ದೀಪಗಳು ಮಂಕಾಗದಿದ್ದರೆ ಸೊಲೆನಾಯ್ಡಿನೊಳಗಿನ ತಾಮ್ರದ ಸಂಪರ್ಕಗಳು ಸುಟ್ಟಿರಬಹುದು ಇಲ್ಲವೇ ಮೋಟಾರಿನ ಕಾರ್ಬನ್ ಬ್ರಶ್ಶುಗಳು ಸವೆದಿರಬಹುದು. ಇವೆರಡೂ ಬಿಡಿಯಾಗಿ ಸಿಗುವ ಭಾಗಗಳು. ಇಡೀ ಸೆಲ್ಫ್ ಬದಲಿಸಬೇಕಾಗಿಲ್ಲ, ಆಟೋ ಎಲೆಕ್ಟ್ರಿಷಿಯನ್ ಬಿಚ್ಚಿ ಸರಿಮಾಡಿಕೊಡುತ್ತಾರೆ. ಆದರೆ ಅದಕ್ಕೂ ಮೊದಲು ನೋಡಬೇಕಾದ ಒಂದು ಕೇಬಲ್ಲಿದೆ. ನನ್ನ ಹಳೆಯ ಕಾರು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ವಾರಕ್ಕೊಂದು ಸಲ ಹೀಗೆ ಒಂದೇ ಟಕ್ಕಿಗೆ ನಿಲ್ಲುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಸೆಲ್ಫನ್ನೇ ಬದಲಿಸಿದರು. ಎಂಟು ದಿನಕ್ಕೆ ಮತ್ತದೇ. ಕೊನೆಗೆ ನಾನೇ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದನ್ನು ಎಂಜಿನ್ನಿನ ಬೋಳು ಲೋಹದ ಮೇಲೆ ಒತ್ತಿ ಹಿಡಿದು, ಮಗನಿಗೆ ಕೀ ತಿರುಗಿಸಲು ಹೇಳಿದೆ. ಅಲ್ಲಿ ಇರಬೇಕಾದದ್ದು ಹೆಚ್ಚೆಂದರೆ 0.2 ವೋಲ್ಟ್, ಮೀಟರ್ 1.8 ತೋರಿಸಿತು. ಎಂಜಿನ್ನಿಗೂ ಬ್ಯಾಟರಿಗೂ ನಡುವಿನ ಅರ್ತ್ ಕೇಬಲ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ತುದಿಯ ಕಪ್ಪು ಹೊದಿಕೆಯನ್ನು ಬ್ಲೇಡಿನಿಂದ ಸೀಳಿದಾಗ ಒಳಗಿನ ತಾಮ್ರದ ಎಳೆಗಳು ಹಸಿರು ಹಿಟ್ಟಾಗಿ ಬೆರಳಿಗೆ ಹತ್ತಿಕೊಂಡವು. ಆ ಕೇಬಲ್ಲಿನ ಬೆಲೆ ಸೆಲ್ಫಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಮಳೆ ಹೆಚ್ಚು ಬೀಳುವ, ಉಪ್ಪುಗಾಳಿ ಬೀಸುವ ನಮ್ಮ ನೆಲದಲ್ಲಿ ಸೆಲ್ಫ್ ಬದಲಿಸಲು ಒಪ್ಪುವ ಮುನ್ನ ಈ ಅಳತೆಯನ್ನು ಮಾಡಿಸಲೇಬೇಕೆಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ.

ಸೆಲ್ಫ್ ‘ರೊಂಯ್’ ಎಂದು ಬರಿದೆ ತಿರುಗಿ, ಎಂಜಿನ್ ಅಲುಗದಿದ್ದರೆ ಮೋಟಾರಿನ ತುದಿಯ ಹಲ್ಲುಚಕ್ರ ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿಗೆ ಕೂಡುತ್ತಿಲ್ಲ ಅಥವಾ ಕೂಡಿದರೂ ಅದರ ಏಕಮುಖ ಕ್ಲಚ್ಚು ಜಾರುತ್ತಿದೆ ಎಂದರ್ಥ. ಗ್ಯಾರೇಜುಗಳಲ್ಲಿ ಈ ಹಲ್ಲುಚಕ್ರ ಮತ್ತು ಕ್ಲಚ್ಚಿನ ಜೋಡಣೆಯನ್ನು ಬೆಂಡಿಕ್ಸ್ ಎನ್ನುತ್ತಾರೆ. ‘ಕರ್ರ್’ ಎಂದು ಲೋಹಕ್ಕೆ ಲೋಹ ತಿಕ್ಕುವ ಸದ್ದು ಬಂದರೆ ಹಲ್ಲುಗಳು ಸವೆದಿವೆ. ಈ ಕರ್ಕಶ ಸದ್ದು ಕೆಲವೊಮ್ಮೆ ಬಂದು ಕೆಲವೊಮ್ಮೆ ಬಾರದಿದ್ದರೆ ಫ್ಲೈವೀಲಿನ ರಿಂಗಿನಲ್ಲಿ ಒಂದು ಕಡೆ ಮಾತ್ರ ಹಲ್ಲು ಹೋಗಿದೆ, ಎಂಜಿನ್ ಆ ಜಾಗದಲ್ಲಿ ನಿಂತ ದಿನ ಮಾತ್ರ ಸದ್ದು ಬರುತ್ತದೆ. ಸೆಲ್ಫ್ ಇಳಿಸಿ ಟಾರ್ಚ್ ಹಾಕಿ ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಓಡುತ್ತಿರುವ ಎಂಜಿನ್ನಿಗೆ ಮರೆತು ಮತ್ತೊಮ್ಮೆ ಕೀ ಕೊಡುವುದು ಈ ಹಲ್ಲುಗಳನ್ನು ತಿನ್ನುವ ಮುಖ್ಯ ಅಭ್ಯಾಸ. ಹಾಗೆಯೇ, ಒಂದೇ ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ಹತ್ತದಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಪ್ರಯತ್ನಿಸಬೇಕು.

ಇಲ್ಲೇ ಹೇಳಿಬಿಡಬೇಕಾದ ಒಂದು ಅಪಾಯವಿದೆ. ಮಧುವಾಹಿನಿ ಹೊಳೆ ಉಕ್ಕಿ ಮಧೂರಿನ ರಸ್ತೆಗೆ ನೀರು ಬರುವ ದಿನಗಳಲ್ಲಿ, ನೀರಿನೊಳಗೆ ಹಾದು ಬಂದ ಕಾರು ನಿಂತುಹೋಗಿ, ಮತ್ತೆ ಕೀ ತಿರುಗಿಸಿದಾಗ ‘ಧಡ್’ ಎಂಬ ಒಂದೇ ಮೊಂಡು ಸದ್ದು ಬಂದು ಎಂಜಿನ್ ಕಚ್ಚಿಕೊಂಡರೆ, ಸಿಲಿಂಡರಿನೊಳಗೆ ನೀರು ಹೋಗಿರುವ ಸಾಧ್ಯತೆ ಹೆಚ್ಚು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಎರಡನೇ ಸಲ ಕೀ ತಿರುಗಿಸಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಆ ಕಾರನ್ನು ಯಾವ ಕಾರಣಕ್ಕೂ ಸ್ಟಾರ್ಟ್ ಮಾಡದೆ, ನೂಕಿ ಸ್ಟಾರ್ಟ್ ಮಾಡಲೂ ಹೋಗದೆ, ಎಳೆಸಿಕೊಂಡು ಹೋಗಿ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿಸಿ ನೀರು ಹೊರಹಾಕಿಸಬೇಕು.

ಎಂಜಿನ್ ಹತ್ತಿಕೊಂಡ ಮೇಲಿನ ಶಬ್ದಗಳು

‘ಕಿರ್ರ್’ ಎಂಬ ಕಿರುಚಾಟ ಅರ್ಧ ಊರಿಗೆ ಕೇಳಿಸಿ ಹತ್ತು ಸೆಕೆಂಡಿನಲ್ಲಿ ಅಡಗುವುದು ಮಳೆಗಾಲದಲ್ಲಿ ಎಲ್ಲರಿಗೂ ಪರಿಚಿತ. ಅದು ಎಂಜಿನ್ನಿನ ಬದಿಯ ಫ್ಯಾನ್ ಬೆಲ್ಟ್ ಜಾರುವ ಸದ್ದು. ಸ್ಟಾರ್ಟಿಗೆ ಖರ್ಚಾದ ವಿದ್ಯುತ್ತನ್ನು ಬ್ಯಾಟರಿಗೆ ಮರಳಿ ತುಂಬಲು ಆಲ್ಟರ್ನೇಟರು ಆಗಲೇ ಹೆಚ್ಚು ಬಲ ಕೇಳುವುದರಿಂದ, ಒದ್ದೆಯಾದ ಅಥವಾ ಸಡಿಲವಾದ ಬೆಲ್ಟು ಅದೇ ಕ್ಷಣದಲ್ಲಿ ಜಾರುತ್ತದೆ. ಬೆಲ್ಟನ್ನು ಪರೀಕ್ಷಿಸಲು ಸುಲಭದ ದಾರಿ: ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಗೀರುಗಳಿರುವ ಬದಿಗೆ, ಕೈಯನ್ನು ದೂರವಿಟ್ಟು, ಸ್ವಲ್ಪ ನೀರು ಚಿಮುಕಿಸಿ. ಸದ್ದು ಒಂದು ಕ್ಷಣ ನಿಂತು ಮತ್ತೆ ಬಂದರೆ ಯಾವುದೋ ಪುಲ್ಲಿ ಸಾಲುತಪ್ಪಿದೆ. ಸದ್ದು ಇನ್ನೂ ಜೋರಾದರೆ ಬೆಲ್ಟಿನ ಬಿಗಿ ಸಾಲದು. ಹೊಸ ಬಗೆಯ ರಬ್ಬರಿನ ಬೆಲ್ಟುಗಳು ಹಳೆಯವುಗಳಂತೆ ಬಿರುಕು ಬಿಡುವುದಿಲ್ಲ. ಗೀರುಗಳು ಒಳಗೊಳಗೇ ಸವೆದು ಆಳವಾಗುತ್ತವೆ. ಆದ್ದರಿಂದ ‘ಬಿರುಕಿಲ್ಲ, ಚೆನ್ನಾಗಿದೆ’ ಎಂದು ಬಿಟ್ಟರೆ ತಪ್ಪಾಗುತ್ತದೆ. ಬೆಲ್ಟಿಗೆ ಎಣ್ಣೆಯನ್ನೋ ಸೋಪನ್ನೋ ಸವರಿ ಸದ್ದಡಗಿಸುವ ಪದ್ಧತಿ ಕೆಲವು ಕಡೆ ಇದೆ. ಅದು ರಬ್ಬರನ್ನು ಹಾಳುಮಾಡುತ್ತದೆ, ಜಾರುವಿಕೆಯನ್ನು ಹೆಚ್ಚಿಸುತ್ತದೆ. ಬೆಲ್ಟ್ ಬದಲಿಸುವಾಗ ಅದನ್ನು ಬಿಗಿಯಾಗಿಡುವ ಟೆನ್ಷನರನ್ನೂ ಕೈಯಿಂದ ತಿರುಗಿಸಿ ನೋಡಲು ಹೇಳಿ. ಒರಟು ತಿರುಗುವ ಟೆನ್ಷನರಿನ ಮೇಲೆ ಹೊಸ ಬೆಲ್ಟ್ ಹಾಕಿದರೆ ಹಣ ನೀರಿಗೆ ಹಾಕಿದಂತೆ.

ಕಿರುಚಾಟದ ಬದಲು ‘ಗೊರಗೊರ’ ಎಂಬ ಒರಟು ಸದ್ದು ನಿಲ್ಲದೆ ಬರುತ್ತಿದ್ದರೆ ಆಲ್ಟರ್ನೇಟರ್, ವಾಟರ್ ಪಂಪ್ ಅಥವಾ ಎಸಿ ಕಂಪ್ರೆಸರ್‌ಗಳಲ್ಲಿ ಒಂದರ ಬೇರಿಂಗ್ ಸವೆದಿದೆ. ಯಾವುದೆಂದು ತಿಳಿಯಲು ತೋಟದ ತುಂತುರು ನೀರಾವರಿಯ ತೆಳು ಪೈಪಿನ ಮೂರಡಿ ತುಂಡೊಂದು ಸಾಕು. ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಒಂದೊಂದೇ ಭಾಗದ ಹತ್ತಿರ, ತಿರುಗುವ ಪುಲ್ಲಿಗಳಿಗೆ ತಾಗಿಸದೆ, ಒಯ್ದರೆ ಸದ್ದು ಎಲ್ಲಿಂದ ಬರುತ್ತಿದೆಯೆಂದು ಸ್ಪಷ್ಟವಾಗುತ್ತದೆ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ತಿರುಗದ ಲೋಹದ ಮೈಗೆ ಒತ್ತಿ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ತಾಗಿಸುವುದೂ ಮೆಕ್ಯಾನಿಕ್‌ಗಳ ಹಳೆಯ ಕ್ರಮ. ಎಸಿ ಹಾಕಿದಾಗ ಮಾತ್ರ ಸದ್ದು ಬದಲಾದರೆ ಕಂಪ್ರೆಸರನ್ನು ಸಂಶಯಿಸಿ. ವಾಟರ್ ಪಂಪಿನ ಕೆಳಗೆ ಕೂಲೆಂಟಿನ ಬಣ್ಣದ ಕಲೆಯಿದ್ದರೆ ಅದನ್ನೇ. ಕ್ಲಚ್ ಒತ್ತಿದಾಗ ಸದ್ದು ಹೋಗಿ, ಬಿಟ್ಟಾಗ ಬಂದರೆ ದೋಷ ಗೇರ್‌ಬಾಕ್ಸಿನ ಬೇರಿಂಗಿನಲ್ಲಿದೆ. ಒತ್ತಿದಾಗಲೇ ಹುಟ್ಟಿದರೆ ಕ್ಲಚ್ಚಿನ ರಿಲೀಸ್ ಬೇರಿಂಗಿನಲ್ಲಿದೆ.

‘ಟಿಕ್ ಟಿಕ್ ಟಿಕ್’ ಎಂದು ಹೊಲಿಗೆ ಯಂತ್ರದ ಹಾಗೆ ಎಂಜಿನ್ನಿನ ಮೇಲ್ಭಾಗದಿಂದ ಬರುವ ಸದ್ದನ್ನು ಗ್ಯಾರೇಜಿನವರು ಟ್ಯಾಪೆಟ್ ಸದ್ದು ಎನ್ನುತ್ತಾರೆ. ಅನೇಕ ಎಂಜಿನ್ನುಗಳಲ್ಲಿ ವಾಲ್ವಿನ ಸಂದನ್ನು ಆಯಿಲ್ ತುಂಬಿದ ಸಣ್ಣ ಹೈಡ್ರಾಲಿಕ್ ಭಾಗಗಳು ತಾವಾಗಿ ಹೊಂದಿಸಿಕೊಳ್ಳುತ್ತವೆ. ರಾತ್ರಿ ಅವುಗಳಿಂದ ಆಯಿಲ್ ಇಳಿದಿದ್ದರೆ, ಬೆಳಗ್ಗೆ ಮತ್ತೆ ತುಂಬುವವರೆಗೆ ಕೆಲವು ಸೆಕೆಂಡು ಟಿಕ್ ಟಿಕ್ ಎನ್ನುವುದು ಸಹಜ. ಅದು ನಿಮಿಷಗಟ್ಟಲೆ ಮುಂದುವರಿದರೆ ಆಯಿಲ್ ಹಳತಾಗಿದೆ, ಕಡಿಮೆಯಿದೆ, ಅಥವಾ ತಪ್ಪು ದರ್ಜೆಯದ್ದು. ನಮ್ಮಲ್ಲಿ ‘ಗಾಡಿ ಹಳತಾಯಿತು, ಸ್ವಲ್ಪ ದಪ್ಪ ಆಯಿಲ್ ಹಾಕುವ’ ಎಂದು 5ಡಬ್ಲ್ಯೂ-30 ಬೇಕಾದ ಎಂಜಿನ್ನಿಗೆ 20ಡಬ್ಲ್ಯೂ-50 ಸುರಿಯುವ ರೂಢಿ ಈಗಲೂ ಇದೆ. ಡಬ್ಲ್ಯೂ ಅಕ್ಷರಕ್ಕಿಂತ ಮೊದಲು ಬರುವ ಅಂಕಿ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆಂಬುದನ್ನು ಸೂಚಿಸುತ್ತದೆ. ಅಂಕಿ ದೊಡ್ಡದಾದಷ್ಟೂ ಮೇಲಿನ ಭಾಗಗಳಿಗೆ ಆಯಿಲ್ ತಲುಪುವುದು ತಡ. ಕಾಸರಗೋಡಿನಲ್ಲಿ ಚಳಿ ಹೆಚ್ಚಿಲ್ಲವೆಂಬುದು ನಿಜ, ಆದರೆ ಹೊಸ ಎಂಜಿನ್ನುಗಳ ಆಯಿಲ್ ದಾರಿಗಳು ತೀರ ಕಿರಿದಾಗಿರುವುದರಿಂದ ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನು ಬಿಟ್ಟು ಬೇರೆ ಹಾಕುವುದು ನನ್ನ ಮಟ್ಟಿಗೆ ತಪ್ಪು. ಫಿಲ್ಟರಿನೊಳಗೆ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ಒಂದು ರಬ್ಬರಿನ ಪೊರೆ ಇರುತ್ತದೆ; ಅಗ್ಗದ ಫಿಲ್ಟರುಗಳಲ್ಲಿ ಅದು ಬೇಗ ಗಟ್ಟಿಯಾಗುತ್ತದೆ. ಆಯಿಲ್ ಬದಲಿಸಿದ ಮೇಲೆಯೇ ಬೆಳಗ್ಗಿನ ಸದ್ದು ಶುರುವಾದರೆ ಮೊದಲ ಸಂಶಯ ಫಿಲ್ಟರಿನ ಮೇಲಿರಲಿ.

ಇದಕ್ಕೆ ಹತ್ತಿರದ, ಆದರೆ ಹೆಚ್ಚು ಗಂಭೀರವಾದ ಸದ್ದು, ವಾಲ್ವುಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸಿ ತೆರೆದು ಮುಚ್ಚಿಸುವ ಟೈಮಿಂಗ್ ಚೈನಿನದ್ದು. ಡಬ್ಬದಲ್ಲಿ ನಾಣ್ಯಗಳನ್ನು ಕುಲುಕಿದಂತೆ ‘ಜಣಜಣ’ ಎಂದು ಎಂಜಿನ್ನಿನ ಬದಿಯಿಂದ, ಅಂದರೆ ಬೆಲ್ಟಿರುವ ಕಡೆಯಿಂದ, ಬಂದು ಎರಡು ಸೆಕೆಂಡಿನಲ್ಲಿ ನಿಲ್ಲುತ್ತದೆ. ಚೈನನ್ನು ಬಿಗಿಯಾಗಿಡುವ ಟೆನ್ಷನರು ಅನೇಕ ಎಂಜಿನ್ನುಗಳಲ್ಲಿ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುವುದರಿಂದ, ಒತ್ತಡ ಏರುವವರೆಗೆ ಚೈನು ಸಡಿಲವಾಗಿ ಬಡಿಯುತ್ತದೆ. ಅಪರೂಪಕ್ಕೊಮ್ಮೆ ಒಂದು ಸೆಕೆಂಡು ಬಂದರೆ ಸರಿಯಾದ ಆಯಿಲ್ ಮತ್ತು ಫಿಲ್ಟರ್ ಹಾಕಿಸಿ ಕಾದುನೋಡಬಹುದು. ದಿನವೂ ಬರುತ್ತಿದ್ದರೆ, ವಾರದಿಂದ ವಾರಕ್ಕೆ ಉದ್ದವಾಗುತ್ತಿದ್ದರೆ ಮುಂದೂಡಬೇಡಿ. ಚೈನು ಒಂದು ಹಲ್ಲು ಜಾರಿದರೂ ಎಂಜಿನ್ನಿನ ಲೆಕ್ಕ ತಪ್ಪುತ್ತದೆ, ಹೆಚ್ಚು ಜಾರಿದರೆ ಪಿಸ್ಟನ್ನು ವಾಲ್ವಿಗೆ ಹೊಡೆಯುತ್ತದೆ. ಇದು ಅಂಗಳದಲ್ಲಿ ಮಾಡುವ ಕೆಲಸವಲ್ಲ. ಟೆನ್ಷನರ್, ಚೈನು, ಅದರ ಪ್ಲಾಸ್ಟಿಕ್ ಗೈಡುಗಳನ್ನು ಒಟ್ಟಿಗೇ ಬದಲಿಸುವವರಲ್ಲಿ ಮಾಡಿಸಬೇಕು.

ಕೆಳಗಿನಿಂದ, ಎಂಜಿನ್ನಿನ ಹೊಟ್ಟೆಯಿಂದ ಬರುವ ‘ಢಗ್ ಢಗ್’ ಎಂಬ ಆಳದ ಬಡಿತದಲ್ಲಿ ಎರಡು ಬಗೆಯಿದೆ. ಟೊಳ್ಳು ಮರವನ್ನು ತಟ್ಟಿದಂತಿದ್ದು, ಎಂಜಿನ್ ಬಿಸಿಯಾದಂತೆ ಕರಗಿಹೋದರೆ ಅದು ಸವೆದ ಪಿಸ್ಟನ್ನು ಸಿಲಿಂಡರಿನ ಗೋಡೆಗೆ ತಾಗುವ ಸದ್ದು. ಹಳೆಯ ಕಾರು ಹೀಗೆಯೇ ವರ್ಷಗಟ್ಟಲೆ ಓಡಬಹುದು, ಆಯಿಲ್ ಮಟ್ಟವನ್ನು ಆಗಾಗ ನೋಡುತ್ತಿದ್ದರಾಯಿತು. ಬಿಸಿಯಾದರೂ ಹೋಗದೆ, ಆಕ್ಸಿಲರೇಟರ್ ಒತ್ತಿದಂತೆ ಸುತ್ತಿಗೆಯಲ್ಲಿ ಹೊಡೆದಂತೆ ಏರಿದರೆ ಕ್ರ್ಯಾಂಕಿನ ಬೇರಿಂಗ್ ಸವೆದಿದೆ. ಅದರ ಜೊತೆಗೆ ಎಣ್ಣೆಗಿಂಡಿಯ ಗುರುತಿನ ಕೆಂಪು ದೀಪ ಉರಿದರೆ ಆ ಕ್ಷಣದಲ್ಲೇ ಎಂಜಿನ್ ನಿಲ್ಲಿಸಿ. ಹತ್ತಿರದ ಗ್ಯಾರೇಜು ಒಂದೇ ಕಿಲೋಮೀಟರಿದ್ದರೂ ಓಡಿಸಬೇಡಿ. ಎಳೆಸುವ ವಾಹನಕ್ಕೆ ಕೊಡುವ ಬಾಡಿಗೆ ಕ್ರ್ಯಾಂಕ್‌ಶಾಫ್ಟಿನ ರಿಪೇರಿಯ ಮುಂದೆ ಏನೂ ಅಲ್ಲ.

ಟ್ಯಾಪೆಟ್ ಎಂದು ತಪ್ಪು ತಿಳಿಯುವ ಇನ್ನೊಂದು ಸದ್ದು ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟಿನಿಂದ ಹೊಗೆ ಸೋರುವುದು. ತಣ್ಣಗಿರುವಾಗ ‘ಪಿಟ್ ಪಿಟ್’ ಎನ್ನುತ್ತದೆ, ಲೋಹ ಹಿಗ್ಗಿ ಸಂದು ಮುಚ್ಚಿದಾಗ ನಿಲ್ಲುತ್ತದೆ. ಸೇರುವ ಜಾಗದಲ್ಲಿ ಮಸಿಯ ಕಪ್ಪು ಗೀಟು ಕಂಡರೆ ಅದೇ ಪುರಾವೆ. ಈ ಹೊಗೆ ಬ್ಲೋವರಿನ ಮೂಲಕ ಒಳಗೆ ಬರಬಹುದಾದ್ದರಿಂದ ಬೇಗ ಸರಿಪಡಿಸಬೇಕು. ಕಾರಿನ ಅಡಿಯಿಂದ ತಗಡು ಅದುರಿದಂತೆ ಸದ್ದು ಬಂದರೆ ಸೈಲೆನ್ಸರಿನ ಮೇಲಿನ ಶಾಖ ತಡೆಯುವ ತಗಡಿನ ಬೋಲ್ಟು ತುಕ್ಕು ಹಿಡಿದಿದೆ. ಉದ್ದದ ಸ್ಟೀಲ್ ಹೋಸ್ ಕ್ಲಿಪ್ ಒಂದರಿಂದ ಬಿಗಿದರೆ ಮುಗಿಯಿತು. ಕಿರಿಕಿರಿಯೆಂದು ಅದನ್ನು ಕಿತ್ತೆಸೆಯಬೇಡಿ, ಒಣ ಸೋಗೆ ತರಗೆಲೆಗಳ ಮೇಲೆ ನಿಲ್ಲಿಸುವ ನಮ್ಮ ಕಾರುಗಳಿಗೆ ಅದು ಬೇಕೇ ಬೇಕು. ಸ್ಟಾರ್ಟ್ ಆಗುವಾಗಲೂ ಆಫ್ ಮಾಡುವಾಗಲೂ ‘ಢಬ್’ ಎಂದು ಇಡೀ ಕಾರು ಕುಲುಕಿದರೆ ಎಂಜಿನ್ ಮೌಂಟಿಂಗಿನ ರಬ್ಬರು ಹರಿದಿದೆ. ಡೀಸೆಲ್ ಕಾರು ತಣ್ಣಗಿರುವಾಗ ಸ್ವಲ್ಪ ಹೆಚ್ಚು ಗದ್ದಲ ಮಾಡುವುದು ಸ್ವಭಾವವೇ. ಆದರೆ ಬಿಳಿ ಹೊಗೆಯೂ ಓಲಾಟವೂ ಜೊತೆಗಿದ್ದರೆ ಸಿಲಿಂಡರನ್ನು ಬಿಸಿಮಾಡುವ ಗ್ಲೋ ಪ್ಲಗ್‌ಗಳ ಪರೀಕ್ಷೆ ಮಾಡಿಸಿ.

ಗ್ಯಾರೇಜಿನಲ್ಲಿ

ಮೆಕ್ಯಾನಿಕ್ ಬಳಿ ‘ಟೈಮಿಂಗ್ ಚೈನ್ ಹೋಗಿದೆ’ ಎಂದು ತೀರ್ಪು ಹೇಳುವ ಬದಲು ಕಂಡದ್ದನ್ನು ಹೇಳಿ: ರಾತ್ರಿ ನಿಂತ ಮೇಲೆ ಮಾತ್ರ ಬರುತ್ತದೆ, ಎಂಜಿನ್ ಹತ್ತಿದ ಮೇಲೆ ಎರಡು ಸೆಕೆಂಡು ಇರುತ್ತದೆ, ಬೆಲ್ಟಿನ ಕಡೆಯಿಂದ ಕೇಳುತ್ತದೆ, ಆಯಿಲ್ ಬದಲಿಸಿ ಇಂತಿಷ್ಟು ಕಿಲೋಮೀಟರಾಯಿತು, ಯಾವ ದೀಪವೂ ಉರಿಯಲಿಲ್ಲ. ನಾವೇ ಭಾಗದ ಹೆಸರು ಹೇಳಿದರೆ ಆ ಭಾಗ ಬದಲಾಗುತ್ತದೆ, ಸದ್ದು ಉಳಿಯುತ್ತದೆ. ನೀವು ಬರೆದುಕೊಂಡ ವೋಲ್ಟೇಜಿನ ಅಂಕಿಗಳನ್ನೂ ರೆಕಾರ್ಡಿಂಗನ್ನೂ ಕೊಡಿ, ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಕಾರನ್ನು ಸಂಜೆ ಮನೆಗೆ ತಂದರೂ ರಿಪೇರಿ ಸರಿಯಾಯಿತೆಂದು ಆಗಲೇ ಒಪ್ಪಿಕೊಳ್ಳಬೇಡಿ. ಅದೇ ಜಾಗದಲ್ಲಿ ರಾತ್ರಿಯಿಡೀ ನಿಲ್ಲಿಸಿ, ಮರುದಿನ ಬೆಳಗ್ಗೆ ಅದೇ ಮೊಬೈಲನ್ನು ಅದೇ ದೂರದಲ್ಲಿ ಹಿಡಿದು ಮೊದಲ ಸ್ಟಾರ್ಟನ್ನು ಮತ್ತೊಮ್ಮೆ ರೆಕಾರ್ಡ್ ಮಾಡಿ, ಹಳೆಯದರ ಪಕ್ಕದಲ್ಲಿಟ್ಟು ಕೇಳಿನೋಡಿ. ಸದ್ದು ಉಳಿದಿದ್ದರೆ ಕಾರನ್ನು ಓಡಾಟಕ್ಕೆ ತೆಗೆಯುವ ಮೊದಲೇ ಗ್ಯಾರೇಜಿಗೆ ಫೋನ್ ಮಾಡಿ, ಹೊಸ ರೆಕಾರ್ಡಿಂಗನ್ನು ಕಳುಹಿಸಿಕೊಡಿ.